ಮೊಲದ ಸದ್ದು ಮತ್ತು ಸನ್ನೆ: ಸಾಕುವವರು ಅರಿಯಬೇಕಾದ ಸಂಗತಿಗಳು

ಹಸಿವಾದರೆ ಹಸು ಕೂಗುತ್ತದೆ, ಮರಿ ಅಗಲಿದರೆ ಕುರಿ ಅರಚುತ್ತದೆ, ಮೊಟ್ಟೆಯಿಟ್ಟ ಕೋಳಿ ಕೇರಿಗೆಲ್ಲ ಸಾರುತ್ತದೆ. ಮೊಲ ಮಾತ್ರ ಸದ್ದಿಲ್ಲದೆ ಬದುಕುತ್ತದೆ. ಎಷ್ಟೋ ವೇಳೆ ಸದ್ದಿಲ್ಲದೆ ಸಾಯುತ್ತದೆ. ಸಂಜೆ ಚೆನ್ನಾಗಿದ್ದ ಮೊಲ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿತ್ತು ಎಂಬುದು ಮೊಲ ಸಾಕುವವರಿಂದ ಪದೇ ಪದೇ ಕೇಳಿಬರುವ ಮಾತು. ಆದರೆ ಅಂಥ ಮೊಲ ಅನೇಕ ಸಂದರ್ಭಗಳಲ್ಲಿ ಮೊದಲೇ ತನ್ನ ತೊಂದರೆಯನ್ನು ಮೈಯ ಮೂಲಕ ತೋರಿಸಿರುತ್ತದೆ. ಅದನ್ನು ಗುರುತಿಸಿದರೆ ಬಹಳಷ್ಟು ನಷ್ಟವನ್ನು ತಪ್ಪಿಸಬಹುದು.

ಮೌನಕ್ಕೆ ಕಾರಣ

ನ್ಯೂಜಿಲೆಂಡ್ ವೈಟ್, ಸೋವಿಯತ್ ಚಿಂಚಿಲಾ, ಗ್ರೇ ಜಯಂಟ್ ಮುಂತಾದ ಸಾಕು ತಳಿಗಳ ಮೂಲ ಸ್ಪೇನ್, ಪೋರ್ಚುಗಲ್ ಭಾಗದ ಬಿಲವಾಸಿ ಮೊಲ. ನಮ್ಮ ಹೊಲಗಳಲ್ಲಿ ಕಾಣುವ ಕಾಡುಮೊಲ ಬೇರೆಯೇ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದನ್ನು ಹಿಡಿದು ಸಾಕುವಂತಿಲ್ಲ. ನರಿ, ಹದ್ದುಗಳಿಗೆ ಆಹಾರವಾಗುವ ಪ್ರಾಣಿಯಾದುದರಿಂದ ಮೊಲವು ತನ್ನ ನೋವನ್ನು ಮುಚ್ಚಿಡುತ್ತದೆ. ನಿಶ್ಶಕ್ತಿ ತೋರಿದರೆ ಶತ್ರುವಿನ ಕಣ್ಣಿಗೆ ಬೀಳುವ ಭಯ. ಈ ಸ್ವಭಾವ ಪಂಜರದಲ್ಲಿಯೂ ಉಳಿದಿದೆ.

ನೆಮ್ಮದಿಯ ಗುರುತುಗಳು

ಆರೋಗ್ಯವಂತ ಮೊಲದ ಮೂಗು ಎಚ್ಚರವಿದ್ದಾಗ ಸದಾ ಅದುರುತ್ತಿರುತ್ತದೆ. ಹೊಟ್ಟೆ ತುಂಬಿ ನೆಮ್ಮದಿಯಾಗಿದ್ದಾಗ ಹಿಂಗಾಲು ಚಾಚಿ, ಕೆಲವೊಮ್ಮೆ ಪಕ್ಕಕ್ಕೆ ಉರುಳಿ ಮಲಗುತ್ತದೆ. ತಲೆ ಸವರಿದಾಗ ಹಲ್ಲನ್ನು ಮೆಲ್ಲಗೆ ಮಸೆಯುವುದು ಹಿತದ ಗುರುತು. ಮರಿಗಳು ಇದ್ದಕ್ಕಿದ್ದಂತೆ ಮೇಲಕ್ಕೆ ಹಾರಿ ಮೈ ತಿರುಚುವುದು ಖಾಯಿಲೆಯಲ್ಲ, ಉಲ್ಲಾಸ. ಗದ್ದವನ್ನು ಪಂಜರಕ್ಕೂ ಮೇವಿನ ತಟ್ಟೆಗೂ ಉಜ್ಜುವುದು ತನ್ನ ವಾಸನೆಯಿಂದ ಜಾಗವನ್ನು ಗುರುತು ಮಾಡುವ ಕ್ರಮ.

ಮೊಲವು ಗುದದ್ವಾರಕ್ಕೆ ಬಾಯಿಟ್ಟು ಮೆತ್ತನೆಯ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಕೆಲವರು ಗಾಬರಿಗೊಳ್ಳುತ್ತಾರೆ. ಇದು ಸಹಜ. ಇದರಿಂದ ಅದಕ್ಕೆ ಬಿ ಜೀವಸತ್ವಗಳೂ ಸಸಾರಜನಕವೂ ದೊರೆಯುತ್ತವೆ.

ಭಯ ಮತ್ತು ಕೋಪ

ಹಿಂಗಾಲಿನಿಂದ ನೆಲವನ್ನು ಧಪ್ಪೆಂದು ಬಡಿಯುವುದು ಅಪಾಯದ ಸೂಚನೆ. ಬಿಲದಲ್ಲಿರುವ ತನ್ನವರಿಗೆ ಸುದ್ದಿ ಮುಟ್ಟಿಸಲು ರೂಢಿಯಾದ ಸದ್ದು ಇದು. ರಾತ್ರಿ ಒಂದು ಮೊಲ ಬಡಿದು, ಉಳಿದವು ಕಿವಿ ನೆಟ್ಟಗೆ ಮಾಡಿ ನಿಶ್ಚಲವಾಗಿ ಕುಳಿತರೆ ಹಾವು, ಬೆಕ್ಕು, ನಾಯಿ ಅಥವಾ ಹೆಗ್ಗಣ ಬಂದಿದೆಯೇ ಎಂದು ದೀಪ ಹಿಡಿದು ನೋಡಬೇಕು. ಚೀರುವುದು ಪ್ರಾಣಭಯದ ಅಥವಾ ತೀವ್ರ ನೋವಿನ ಸದ್ದು. ಇದನ್ನು ಕೇಳಿದೊಡನೆ ಓಡಿ ಹೋಗಬೇಕು.

ಕಿವಿಯನ್ನು ಬೆನ್ನಿಗೆ ಅಂಟಿಸಿ, ಗುರುಗುಟ್ಟುತ್ತ ಮುಂಗಾಲಿನಿಂದ ಹೊಡೆಯಲು ಬರುವ ಮೊಲ ತನ್ನ ಜಾಗವನ್ನು ಕಾಯುತ್ತಿದೆ. ಗಬ್ಬದ ಮೊಲ, ಮರಿಯಿರುವ ತಾಯಿ ಹೀಗೆ ಮಾಡುವುದುಂಟು. ಅದನ್ನು ಹೊಡೆಯಬಾರದು. ಮೊಲಕ್ಕೆ ಮೂಗಿನ ನೇರ ಮುಂದಿರುವುದು ಕಾಣದು. ಆದ್ದರಿಂದ ಕೈಯನ್ನು ಪಕ್ಕದಿಂದ ನಿಧಾನವಾಗಿ ಒಯ್ಯಬೇಕು. ಕಿವಿ ಹಿಡಿದು ಎಂದೂ ಎತ್ತಬಾರದು. ಭುಜದ ಮೇಲಿನ ಸಡಿಲ ಚರ್ಮವನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯನ್ನು ಹಿಂಭಾಗಕ್ಕೆ ಆಸರೆಯಾಗಿ ಕೊಡಬೇಕು. ಆಸರೆಯಿಲ್ಲದೆ ಹಿಂಗಾಲು ಒದ್ದರೆ ಬೆನ್ನುಮೂಳೆ ಮುರಿಯಬಹುದು.

ಕೂಡಿಸುವಾಗ ಮತ್ತು ಮರಿ ಹಾಕುವಾಗ

ಹೆಣ್ಣನ್ನು ಗಂಡಿನ ಪಂಜರಕ್ಕೆ ಒಯ್ಯಬೇಕೇ ಹೊರತು ಗಂಡನ್ನು ಹೆಣ್ಣಿನ ಬಳಿಗಲ್ಲ; ಹೆಣ್ಣು ತನ್ನ ಪಂಜರದಲ್ಲಿ ಗಂಡಿನ ಮೇಲೆ ಬೀಳಬಹುದು. ಒಪ್ಪಿಗೆಯಿರುವ ಹೆಣ್ಣು ಹಿಂಭಾಗವನ್ನು ಎತ್ತಿ ನಿಲ್ಲುತ್ತದೆ. ಒಪ್ಪದಿದ್ದರೆ ಮೂಲೆ ಸೇರಿ ಗುರುಗುಟ್ಟುತ್ತದೆ. ಕೂಡಿಕೆ ಆದ ಕೂಡಲೆ ಗಂಡು ಸಾಮಾನ್ಯವಾಗಿ ಸಣ್ಣ ಕೂಗಿನೊಂದಿಗೆ ಪಕ್ಕಕ್ಕೆ ಉರುಳುತ್ತದೆ.

ಗಬ್ಬದ ಅವಧಿ ಸುಮಾರು 31 ದಿನ. 28ನೆಯ ದಿನ ಪೆಟ್ಟಿಗೆ ಇಟ್ಟು ಒಣಹುಲ್ಲು ಹಾಸಬೇಕು. ತಾಯಿ ಹುಲ್ಲನ್ನು ಬಾಯಲ್ಲಿ ಕಚ್ಚಿ ಒಯ್ದು, ಎದೆಯ ತುಪ್ಪಳ ಕಿತ್ತು ಹಾಸತೊಡಗಿದರೆ ಹೆರಿಗೆ ಹತ್ತಿರ ಬಂದಿದೆ. 16–18ನೆಯ ದಿನವೇ ಹೀಗೆ ಮಾಡಿದರೆ ಅದು ಸುಳ್ಳು ಗಬ್ಬ. ಕೂಡಿಸಿದ ದಿನಾಂಕವನ್ನು ಪಂಜರಕ್ಕೆ ಬರೆದು ಕಟ್ಟಿದವರಿಗೆ ಮಾತ್ರ ಈ ವ್ಯತ್ಯಾಸ ತಿಳಿಯುತ್ತದೆ.

ತಾಯಿ ದಿನಕ್ಕೆ ಒಂದೆರಡು ಬಾರಿ, ಪ್ರತಿಸಲವೂ ಕೆಲವೇ ನಿಮಿಷ ಹಾಲೂಡಿಸುತ್ತದೆ. ಆದ್ದರಿಂದ ಅದು ಹೊರಗೇ ಇದ್ದರೆ ಮರಿಗಳನ್ನು ಕೈಬಿಟ್ಟಿದೆ ಎಂದು ತಿಳಿಯಬಾರದು. ಮರಿಗಳ ಹೊಟ್ಟೆ ದುಂಡಾಗಿದ್ದು ಅವು ಸುಮ್ಮನೆ ಮಲಗಿದ್ದರೆ ಹಾಲು ಸಿಕ್ಕಿದೆ. ಹೊಟ್ಟೆ ಒಳಸೇರಿ, ಚರ್ಮ ಸುಕ್ಕಾಗಿ, ಮರಿಗಳು ಕೀಚ್‌ಗುಟ್ಟುತ್ತ ಹರಿದಾಡಿದರೆ ಹಾಲು ಸಿಕ್ಕಿಲ್ಲ. ದೀಪಾವಳಿಯ ಪಟಾಕಿ, ನಾಯಿಗಳ ಬೊಗಳಾಟದಂಥ ಗದ್ದಲದಿಂದ ಬೆದರಿದ ತಾಯಿ ಮರಿಗಳನ್ನು ತುಳಿಯಬಹುದು.

ನೋವಿನ ಗುರುತುಗಳು

ಬೆನ್ನನ್ನು ಗೂನು ಮಾಡಿ, ಕಣ್ಣು ಅರೆಮುಚ್ಚಿ, ಮೂಲೆಯಲ್ಲಿ ಕುಳಿತು ಹಲ್ಲನ್ನು ಕಟಕಟನೆ ಕಡಿಯುವ ಮೊಲಕ್ಕೆ ತೀವ್ರ ನೋವಿದೆ. ಸವರಿದಾಗ ಕೇಳುವ ಮೆಲುಸದ್ದಿಗೂ ಇದಕ್ಕೂ ಅಂತರವಿದೆ. ಹೊಟ್ಟೆಯುಬ್ಬರ, ಮರಿಗಳಲ್ಲಿ ಕಾಕ್ಸಿಡಿಯೋಸಿಸ್ ಬಂದಾಗ ಹೀಗಾಗುವುದು ಸಾಮಾನ್ಯ. ಸೀನುತ್ತ ಮೂಗೊರಸಿದ ಮೊಲದ ಮುಂಗಾಲಿನ ತುಪ್ಪಳ ಅಂಟಿಕೊಂಡಿದ್ದರೆ ಅದು ಶ್ವಾಸರೋಗದ ಸೂಚನೆ. ತಲೆ ಕೊಡವುತ್ತ ಕಿವಿ ಕೆರೆದುಕೊಂಡರೆ ಒಳಗೆ ಕಜ್ಜಿನುಸಿ ಇರಬಹುದು. ತಲೆ ಒಂದು ಕಡೆಗೆ ವಾಲಿದರೆ ಒಳಕಿವಿಗೆ ಅಥವಾ ಮಿದುಳಿಗೆ ಸೋಂಕು ತಗಲಿರಬಹುದು.

ಎಲ್ಲಕ್ಕಿಂತ ದೊಡ್ಡ ಗುರುತು ಮೇವು ಬಿಡುವುದು. ಮೊಲದ ಕರುಳು ಸದಾ ಚಲಿಸುತ್ತಿರಬೇಕು. ಅರ್ಧ ದಿನ ಮೇವು ಮುಟ್ಟದೆ, ಹಿಕ್ಕೆಯನ್ನೂ ಹಾಕದಿದ್ದರೆ ನಾಳೆಗೆ ಮುಂದೂಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮನೆಯಲ್ಲಿ ಉಳಿದ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಔಷಧಿಗಳನ್ನು ಬಾಯಿಗೆ ಹಾಕಲೇಬಾರದು. ಇವು ಕರುಳಿನ ಉಪಯುಕ್ತ ಜೀವಾಣುಗಳನ್ನು ಕೊಂದು ಮೊಲವನ್ನೇ ಕೊಲ್ಲಬಲ್ಲವು.

ಬೇಸಿಗೆಯ ಎಚ್ಚರ

ಮೊಲ ಬೆವರುವುದಿಲ್ಲ, ಮೈಯ ಶಾಖವನ್ನು ಮುಖ್ಯವಾಗಿ ಕಿವಿ ಮತ್ತು ಉಸಿರಿನ ಮೂಲಕ ಹೊರಹಾಕುತ್ತದೆ. ಮೈ ಚಾಚಿ ಮಲಗಿ, ಕಿವಿ ಬಿಸಿಯೇರಿ, ಪಕ್ಕೆ ಬೇಗ ಬೇಗ ಬಡಿದುಕೊಂಡರೆ ಸೆಕೆ ಹೆಚ್ಚಾಗಿದೆ. ಬಾಯಿ ತೆರೆದು ಉಸಿರಾಡಿದರೆ ಸಾವಿನ ಅಂಚಿನಲ್ಲಿದೆ ಎಂದೇ ತಿಳಿಯಬೇಕು. ಕೂಡಲೆ ನೆರಳಿಗೆ ಒಯ್ದು, ಕಿವಿಗಳನ್ನು ತಣ್ಣೀರಿನಿಂದ ಒದ್ದೆ ಮಾಡಬೇಕು. ಶೆಡ್ಡಿನ ಬದಿಗೆ ಒದ್ದೆ ಗೋಣಿಚೀಲ ಕಟ್ಟಿ, ಗಾಳಿಯಾಡಲು ಎಡೆ ಬಿಡಬೇಕು.

ದಿನಕ್ಕೆ ಹತ್ತು ನಿಮಿಷ

ಮೊಲಗಳು ಮುಂಜಾನೆ ಮತ್ತು ಮುಸ್ಸಂಜೆ ಹೆಚ್ಚು ಚುರುಕಾಗಿರುತ್ತವೆ. ಮೇವು ಹಾಕಿದೊಡನೆ ಹೊರಟುಹೋಗದೆ ಹತ್ತು ನಿಮಿಷ ಮೌನವಾಗಿ ನಿಂತು ನೋಡಬೇಕು: ಯಾವುದು ಮೇವಿಗೆ ಬರಲಿಲ್ಲ? ಯಾವುದರ ಪಂಜರದ ಕೆಳಗೆ ಹಿಕ್ಕೆ ಕಡಿಮೆ? ಯಾವುದು ಗೂನಾಗಿ ಕುಳಿತಿದೆ? ಇದಕ್ಕೆ ಖರ್ಚಿಲ್ಲ. ಬಾಯಿ ಬಿಟ್ಟು ಹೇಳದ ಪ್ರಾಣಿಯನ್ನು ಸಾಕುವವರು ಕಣ್ಣಿನಿಂದಲೇ ಕೇಳಿಸಿಕೊಳ್ಳಬೇಕು.