ಕೊನೆಗದ್ದೆಗೂ ನೀರು ಹರಿಯಬೇಕು

ಮಳವಳ್ಳಿ ಕಡೆಯ ಹಿರಿಯರೊಬ್ಬರು ಮೊಮ್ಮಗನನ್ನು ಮಠಕ್ಕೆ ಕರೆತಂದು, “ಬುದ್ಧೀ, ಇವನ ತಲೆಗೆ ಅಕ್ಷರವೇ ಹತ್ತಾಕಿಲ್ಲ. ಒಂದು ತಾಯಿತ ಕಟ್ಟಿಕೊಡಿ” ಎಂದರು. ಮಗು ತಲೆ ತಗ್ಗಿಸಿ ನಿಂತಿತ್ತು. ನಾವು ಹತ್ತಿರ ಕರೆದು ಮಾತನಾಡಿಸಿದೆವು. ಮನೆಯ ಹಸು, ಕರು, ಗದ್ದೆಯ ವಿಚಾರವನ್ನೆಲ್ಲ ಸೊಗಸಾಗಿ ಹೇಳಿದ. ಪುಸ್ತಕ ಕೊಟ್ಟೊಡನೆ ಬಾಯಿ ಕಟ್ಟಿತು. ಇದು ದಡ್ಡತನವಲ್ಲ.

ಸದ್ಭಕ್ತರೇ, ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗೆ ವಿಶ್ವೇಶ್ವರಯ್ಯ ನಾಲೆಯ ನೀರು ಬರುತ್ತದೆ. ಕೊನೆಗದ್ದೆಗೆ ಅದು ತಡವಾಗಿ ಮುಟ್ಟಿದರೆ ನೆಲವನ್ನು ಬೈಯುವವರುಂಟೇ? ಹೂಳು ಎಲ್ಲಿ ಕಟ್ಟಿದೆಯೆಂದು ನೋಡುತ್ತೇವೆ. ಮಗುವನ್ನೂ ಹಾಗೆಯೇ ನೋಡಬೇಕು. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿರಿ. ಅವು ಸರಿಯಿದ್ದೂ ಓದು, ಬರಹ, ಲೆಕ್ಕ ಬಹಳ ತೊಡಕಾದರೆ ಕಲಿಕಾ ನ್ಯೂನತೆ ಇರಬಹುದು. ಅದನ್ನು ಶಾಲೆಗಳು ಬೇಗ ಗುರುತಿಸಿ, ತಕ್ಕಂತೆ ಕಲಿಸಬೇಕೆಂಬುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಆಶಯ. ಮೇಷ್ಟರೊಡನೆ ಮಾತನಾಡಿರಿ. ಮೈಸೂರಿನ ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಮಕ್ಕಳನ್ನು ಪರೀಕ್ಷಿಸಿ ದಾರಿ ತೋರುತ್ತಾರೆ.

ಹನ್ನೆರಡನೆಯ ಶತಮಾನದ ಶರಣರಲ್ಲಿ ದೋಣಿ ನಡೆಸುವ ಅಂಬಿಗರ ಚೌಡಯ್ಯನವರಿದ್ದರು, ಬಟ್ಟೆ ಒಗೆಯುವ ಮಡಿವಾಳ ಮಾಚಯ್ಯನವರಿದ್ದರು. ಅರಿವಿಗೆ ದಾರಿ ಒಂದೇ ಅಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜ, ಅಜ್ಜಿ ಕಾಲು ಗಂಟೆ ಮಗುವಿನೊಡನೆ ಕುಳಿತುಕೊಳ್ಳಲಿ. ತಟ್ಟೆಯಲ್ಲಿ ರಾಗಿ ಹರಡಿ ಬೆರಳಿನಿಂದ ಒಂದೊಂದೇ ಅಕ್ಷರ ತಿದ್ದಿಸಲಿ. ಓರಗೆಯವರೊಡನೆ ಹೋಲಿಸುವುದು ಬೇಡ, ಹೊಡೆಯುವುದಂತೂ ಬೇಡವೇ ಬೇಡ.

ನಾವು ಆ ಮಗುವಿಗೆ ತಾಯಿತ ಕಟ್ಟಲಿಲ್ಲ. ಹಣೆಗೆ ವಿಭೂತಿ ಹಚ್ಚಿ, “ನೀನು ದಡ್ಡನಲ್ಲ ಕಂದಾ” ಎಂದೆವು. ಆಗ ತಲೆಯೆತ್ತಿ ನೋಡಿದ. ಆ ಮಾತು ಮೊದಲು ಮನೆಯಲ್ಲೇ ಕೇಳಿಬರಬೇಕು.