ಇಂದಿನ ರೊಟ್ಟಿ ಇಂದಿಗೆ ಸಾಕು

ಬೆಳಗ್ಗೆ ಎದ್ದು ಒಲೆ ಹಚ್ಚುವಾಗ ನಿಮ್ಮ ಮನಸ್ಸಿಗೆ ಮೊದಲು ಬರುವ ಯೋಚನೆ ಯಾವುದು? 'ಇವತ್ತು ಏನು ಅಡುಗೆ' ಎಂಬುದೇ ಅಲ್ಲವೇ? ಅದರ ಬೆನ್ನಿಗೇ ತಿಂಗಳ ಕೊನೆಯ ಚಿಂತೆ, ಮಕ್ಕಳ ಫೀಸಿನ ಚಿಂತೆ, ಮಗಳ ಮದುವೆಯ ಚಿಂತೆ ಸಾಲುಗಟ್ಟಿ ನಿಲ್ಲುತ್ತವೆ. ತಟ್ಟೆಯಲ್ಲಿ ಬಿಸಿ ಅನ್ನವಿದ್ದರೂ ಅದರ ರುಚಿ ತಿಳಿಯುವುದಿಲ್ಲ. ಕೈ ಇಂದಿನ ತುತ್ತಿನಲ್ಲಿ, ಮನಸ್ಸು ನಾಳೆಯಲ್ಲಿ!

ಇಂದು ಮತ್ತು ನಾಳೆಗಳ ನಡುವಿನ ಈ ಎಳೆದಾಟಕ್ಕೆ ಸಂಬಂಧಿಸಿದ ಒಂದು ಗ್ರೀಕ್ ಪದವಿದೆ: 'ಎಪಿಯೂಸಿಯೋಸ್'. ಸುಮಾರು ಎರಡು ಸಾವಿರ ವರ್ಷಗಳಿಂದ ವಿದ್ವಾಂಸರ ತಲೆ ತಿನ್ನುತ್ತಿರುವ ಪದವಿದು.

ಕ್ರೈಸ್ತರ ಹೊಸ ಒಡಂಬಡಿಕೆ ನಮಗೆ ದೊರೆತಿರುವುದು ಗ್ರೀಕ್ ಭಾಷೆಯಲ್ಲಿ. ಪ್ರವಾದಿ ಈಸಾ(ಅ)ರು ತಮ್ಮ ಶಿಷ್ಯರಿಗೆ ಕಲಿಸಿದರೆನ್ನಲಾದ ಒಂದು ಪ್ರಾರ್ಥನೆ ಅದರಲ್ಲಿದೆ. ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲೂ ಲೂಕನ ಸುವಾರ್ತೆಯ 11ನೇ ಅಧ್ಯಾಯದಲ್ಲೂ ಬರುವ ಈ ಪ್ರಾರ್ಥನೆಯಲ್ಲಿ ರೊಟ್ಟಿಗಾಗಿ ಬೇಡುವ ಒಂದು ಮಾತಿದೆ. ಎಂತಹ ರೊಟ್ಟಿ? 'ಎಪಿಯೂಸಿಯೋಸ್' ಆದ ರೊಟ್ಟಿ. ಕನ್ನಡದ ಕ್ರೈಸ್ತರು ಇದನ್ನು 'ಅನುದಿನದ ಆಹಾರ' ಎನ್ನುತ್ತಾರೆ. ಆದರೆ ಮೂಲ ಪದ ಅಷ್ಟು ಸುಲಭದ್ದಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಎರಡು ಕಡೆ ಬಿಟ್ಟರೆ ಇನ್ನೆಲ್ಲೂ ಅದು ಕಾಣಸಿಗುವುದಿಲ್ಲ. ಜನರ ಮಾತಿನಲ್ಲೂ ಪಂಡಿತರ ಬರಹದಲ್ಲೂ ಇಲ್ಲದ ಈ ಪದವನ್ನು ಸುವಾರ್ತೆಯ ಲೇಖಕರೇ ಕಟ್ಟಿರಬೇಕೆಂದು ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಗೆನ್ ಬರೆದಿದ್ದಾನೆ. ಗ್ರೀಕ್ ಬಲ್ಲವನಿಗೇ ಇದು ಒಗಟಾಗಿತ್ತು!

ಮನೆಖರ್ಚಿನ ಚೀಟಿ

ಈಜಿಪ್ಟಿನ ಹವಾರಾ ಎಂಬಲ್ಲಿ ಉತ್ಖನನ ನಡೆದಾಗ ಒಂದು ಹಳೆಯ ಪಪೈರಸ್ ಸಿಕ್ಕಿತು. ಅದರಲ್ಲಿ ಇದ್ದುದು ಯಾವುದೋ ಮನೆಯ ಖರ್ಚಿನ ಲೆಕ್ಕ. 1889ರಲ್ಲಿ ಅದು ಪ್ರಕಟವಾದಾಗ ಈ ಪದದ ತುಂಡೊಂದು ಆ ಪಟ್ಟಿಯಲ್ಲಿದೆಯೆಂದು ಓದಲಾಯಿತು. ಹಾಗಾದರೆ ಇದು ದಿನದ ಪಡಿಗೆ ಬಳಸುತ್ತಿದ್ದ ಸಾಮಾನ್ಯ ಪದವೇ ಎಂದು ಹಲವರು ಸಮಾಧಾನಪಟ್ಟರು. ಆ ಹಾಳೆ ಬಳಿಕ ಕಾಣೆಯಾಯಿತು. 1998ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಅದು ಮತ್ತೆ ಪತ್ತೆಯಾದಾಗ ಪರೀಕ್ಷಿಸಿ ನೋಡಿದರೆ, ಅಲ್ಲಿದ್ದುದು 'ಎಣ್ಣೆ' ಎಂಬ ಪದ! ಒಗಟು ಒಗಟಾಗಿಯೇ ಉಳಿಯಿತು.

ಪದವನ್ನು ಬಿಡಿಸಿದವರು ಮುಖ್ಯವಾಗಿ ಮೂರು ಅರ್ಥಗಳನ್ನು ಕಂಡಿದ್ದಾರೆ. ಒಂದು, ಈ ದಿನದ ರೊಟ್ಟಿ. ಎರಡು, ಬರಲಿರುವ ದಿನದ ರೊಟ್ಟಿ. ಮೂರು, ಬದುಕಿರಲು ಬೇಕಾದಷ್ಟು ರೊಟ್ಟಿ. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಜೆರೋಮ್ ಒಂದೇ ಪದವನ್ನು ಲೂಕನಲ್ಲಿ 'ದಿನನಿತ್ಯದ' ಎಂದೂ ಮತ್ತಾಯನಲ್ಲಿ ಭೌತಿಕ ವಸ್ತುವನ್ನು ಮೀರಿದ್ದು ಎಂಬರ್ಥದಲ್ಲೂ ಅನುವಾದಿಸಿದ. ಹೊಟ್ಟೆಯ ಹಸಿವಿನ ಜೊತೆ ಆತ್ಮದ ಹಸಿವೂ ಇದೆಯಲ್ಲವೇ? ಈಸಾ(ಅ)ರ ಜನರಾಡುತ್ತಿದ್ದ ಅರಮಾಯಿಕ್ ಭಾಷೆಯ ಬಳಗಕ್ಕೆ ಸೇರಿದ ಸಿರಿಯಾಕ್ ಅನುವಾದದಲ್ಲಿ ಇದು 'ನಮ್ಮ ಅಗತ್ಯದ ರೊಟ್ಟಿ' ಎಂದಾಗಿದೆ.

ಮೂರು ಅರ್ಥಗಳಲ್ಲಿ ಯಾವುದನ್ನು ತೆಗೆದುಕೊಂಡರೂ ಒಂದು ಮಾತು ಸ್ಪಷ್ಟ. ಬೇಡಿದ್ದು ಕಣಜವನ್ನಲ್ಲ, ರೊಟ್ಟಿಯನ್ನು.

ನಮಗೆ ಪರಿಚಿತ ಪಾಠ

ಈ ಪಾಠ ನಿಮಗೆ ಹೊಸದೇನಲ್ಲ. ಬನೀ ಇಸ್ರಾಈಲರಿಗೆ ಅಲ್ಲಾಹನು 'ಮನ್ನ್' ಮತ್ತು 'ಸಲ್ವಾ'ಗಳನ್ನು ಇಳಿಸಿದ ಪ್ರಸ್ತಾಪ ಪವಿತ್ರ ಕುರ್‌ಆನಿನಲ್ಲಿದೆ. ಅಂದಂದಿನದನ್ನು ಅಂದಂದೇ ಆರಿಸಿಕೊಳ್ಳಬೇಕಿತ್ತು, ಮರುದಿನಕ್ಕೆ ಎತ್ತಿಟ್ಟದ್ದು ಹುಳ ಬಿದ್ದು ನಾರಿತು ಎಂದು ಬೈಬಲ್ ಹೇಳುತ್ತದೆ. ಈಸಾ(ಅ)ರು ಆಕಾಶದಿಂದ ಭೋಜನದ ಹರಿವಾಣವನ್ನು ಬೇಡಿದ ಘಟನೆಯಿಂದಲೇ ಕುರ್‌ಆನಿನ 5ನೇ ಅಧ್ಯಾಯಕ್ಕೆ 'ಅಲ್ ಮಾಇದಃ' ಎಂಬ ಹೆಸರು ಬಂದಿದೆ.

ಮುಂಜಾನೆ ಹಸಿದು ಹೊರಟು ಸಂಜೆ ಹೊಟ್ಟೆ ತುಂಬಿಸಿಕೊಂಡು ಮರಳುವ ಹಕ್ಕಿಗಳ ಉದಾಹರಣೆಯನ್ನು ಪ್ರವಾದಿ ಮುಹಮ್ಮದ್(ಸ)ರು ಕೊಟ್ಟಿದ್ದಾರೆ. ಮನೆಯಲ್ಲಿ ನಿರ್ಭಯ, ದೇಹದಲ್ಲಿ ಆರೋಗ್ಯ, ಜೊತೆಗೆ ಆ ದಿನದ ಆಹಾರ, ಇಷ್ಟಿದ್ದವನಿಗೆ ಇಡೀ ಲೋಕವೇ ಸಿಕ್ಕಂತೆ ಎಂಬರ್ಥದ ಹದೀಸನ್ನು ತಿರ್ಮಿದಿ ಉದ್ಧರಿಸಿದ್ದಾರೆ. ಆ ದಿನದ ಆಹಾರ! ಗ್ರೀಕ್ ಪದದ ಸುತ್ತ ಸುಳಿಯುವ ಅರ್ಥವೂ ಅದೇ ಅಲ್ಲವೇ?

ಹಾಗಾದರೆ ಉಳಿತಾಯ ಮಾಡಬಾರದೇ? ಖಂಡಿತ ಮಾಡಬೇಕು. ಬರಗಾಲಕ್ಕಾಗಿ ಧಾನ್ಯವನ್ನು ಕಾಪಿಡುವ ದಾರಿ ತೋರಿಸಿದವರು ಪ್ರವಾದಿ ಯೂಸುಫ್(ಅ). ಹಕ್ಕಿಯೂ ಗೂಡಿನಲ್ಲಿ ಕೂತು ಕಾಯುವುದಿಲ್ಲ, ಹಾರಿ ಹೋಗಿ ಹುಡುಕುತ್ತದೆ. ಯೋಜನೆ ಬೇರೆ, ಆತಂಕ ಬೇರೆ. ಯೋಜನೆ ನಾಳೆಗೆ ದಾರಿ ಮಾಡುತ್ತದೆ, ಆತಂಕ ಇಂದನ್ನೂ ಕಸಿದುಕೊಳ್ಳುತ್ತದೆ. ನೆರೆಮನೆಯವರ ಮದುವೆಯ ವೈಭವ ನೋಡಿ ಬಡ್ಡಿ ಸಾಲಕ್ಕೆ ಕೈಚಾಚುವ ಕುಟುಂಬಗಳನ್ನು ನೀವು ಕಂಡಿಲ್ಲವೇ? ಅಲ್ಲಿ ಕೊರತೆಯಾದದ್ದು ರೊಟ್ಟಿಯದ್ದಲ್ಲ, 'ಸಾಕು' ಎನ್ನುವ ಮನಸ್ಸಿನದ್ದು.

ಇನ್ನೊಂದು ವಿಷಯ. ಆ ಪ್ರಾರ್ಥನೆಯಲ್ಲಿ 'ನನ್ನ ರೊಟ್ಟಿ' ಎಂದಿಲ್ಲ, 'ನಮ್ಮ ರೊಟ್ಟಿ' ಎಂದಿದೆ. 'ನಮ್ಮ' ಎಂದ ಮೇಲೆ ಪಕ್ಕದ ಮನೆಯ ಒಲೆಯೂ ಅದರೊಳಗೆ ಬಂತು. ನೆರೆಯವನು ಹಸಿದಿರುವಾಗ ತಾನು ಹೊಟ್ಟೆತುಂಬ ಉಣ್ಣುವವನು ಸತ್ಯವಿಶ್ವಾಸಿಯಲ್ಲ ಎಂಬ ಪ್ರವಾದಿ(ಸ)ರ ಎಚ್ಚರಿಕೆ ನೆನಪಿಲ್ಲವೇ? ನಮ್ಮ ಫ್ರಿಜ್ಜಿನಲ್ಲಿ ಮೂರು ದಿನ ಕೂತು ಕಸದ ಬುಟ್ಟಿ ಸೇರುವ ಅನ್ನ ಯಾರದೋ ಇಂದಿನ ರೊಟ್ಟಿಯಾಗಬಹುದಿತ್ತು.

ಇಂದು ಊಟಕ್ಕೆ ಕೂತಾಗ ಬಿಸ್ಮಿಲ್ಲಾ ಹೇಳಿ, ಒಂದು ಕ್ಷಣ ತಟ್ಟೆಯನ್ನು ನೋಡಿ. ಇಂದಿನದು ಬಂದಿದೆ. ಅದನ್ನು ಕೊಟ್ಟ ಅಲ್ಲಾಹನು ನಾಳೆಯೂ ಇರುತ್ತಾನೆ.