ಕಲ್ಲಿನೊಳಗಿನ ಎಳೆ: ಜೀವವೋ, ಖನಿಜವೋ?

ಪಶ್ಚಿಮ ಆಸ್ಟ್ರೇಲಿಯಾದ ಪಿಲ್ಬರಾ ಇಂದು ಬಿಸಿಲಿಗೆ ಕಾದ ಕೆಂಪು ನೆಲ. ಅಲ್ಲಿನ ಸಲ್ಫರ್ ಸ್ಪ್ರಿಂಗ್ಸ್ ಎಂಬಲ್ಲಿ ಸತು, ತಾಮ್ರದ ಅದಿರು ಹೊತ್ತ ಬಂಡೆಗಳಿವೆ. 323.5 ಕೋಟಿ ವರ್ಷಗಳ ಹಿಂದೆ ಅದು ಸಮುದ್ರದ ತಳವಾಗಿತ್ತು. ಬಿಸಿನೀರಿನ ಬುಗ್ಗೆಗಳು ಲೋಹ, ಗಂಧಕಗಳನ್ನು ಉಗುಳುತ್ತಿದ್ದವು. ಈ ಬಂಡೆಯೊಳಗೆ ತಲೆಗೂದಲಿಗಿಂತ ಹತ್ತಾರು ಪಟ್ಟು ತೆಳುವಾದ ಎಳೆಗಳಿರುವುದನ್ನು ಭೂವಿಜ್ಞಾನಿ ಬಿರ್ಗರ್ ರಾಸ್ಮುಸೆನ್ 2000ರಲ್ಲಿ ಪ್ರಕಟಿಸಿದರು. ಬಾಗಿ ಬಳುಕಿ, ಒಂದಕ್ಕೊಂದು ಹೆಣೆದುಕೊಂಡಿದ್ದ ಅವು ಸೂಕ್ಷ್ಮಜೀವಿಗಳ ಪಳೆಯುಳಿಕೆಗಳು ಎಂಬುದು ಅವರ ನಿರ್ಣಯ.

ಬೆಳಕೇ ಕಾಣದ ಆಳದಲ್ಲಿ ಜೀವಿಗಳು ತಿನ್ನುವುದಾದರೂ ಏನನ್ನು? ಉತ್ತರ ಸಿಕ್ಕಿದ್ದು 1977ರಲ್ಲಿ. ಗಲಪಗೋಸ್ ದ್ವೀಪಗಳ ಬಳಿ ಸುಮಾರು ಎರಡೂವರೆ ಕಿಲೋಮೀಟರ್ ಆಳಕ್ಕಿಳಿದ 'ಆಲ್ವಿನ್' ಜಲಾಂತರ್ನೌಕೆಯಲ್ಲಿದ್ದವರು ಬುಗ್ಗೆಗಳ ಸುತ್ತ ಜೀವಿಗಳ ಜಾತ್ರೆಯನ್ನೇ ಕಂಡರು. ಸಮುದ್ರದ ನೀರು ಬಿರುಕುಗಳಲ್ಲಿ ಇಳಿದು, ಭೂಗರ್ಭದ ಶಾಖಕ್ಕೆ ಕಾದು, ಬಂಡೆಯ ಖನಿಜಗಳನ್ನು ಕರಗಿಸಿಕೊಂಡು ಮೇಲೇಳುತ್ತದೆ. ಆ ನೀರಿನಲ್ಲಿರುವ ಹೈಡ್ರೋಜನ್ ಸಲ್ಫೈಡನ್ನು, ಅಂದರೆ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು, ಬಳಸಿ ಬ್ಯಾಕ್ಟೀರಿಯಾಗಳು ಆಹಾರ ತಯಾರಿಸುತ್ತವೆ. ಉಳಿದ ಪ್ರಾಣಿಗಳು ಅವುಗಳನ್ನು ನೆಚ್ಚಿಕೊಂಡಿವೆ. ಪಿಲ್ಬರಾದ ಎಳೆಗಳೂ ಇಂಥದೇ ಬದುಕಿನ ಗುರುತಾಗಿರಬಹುದು.

ಇನ್ನೂ ಹಿಂದಕ್ಕೆ ಹೋದರೆ ಕಾಲೂರುವುದು ಕಷ್ಟ. ಕೆನಡಾದ ಹಡ್ಸನ್ ಕೊಲ್ಲಿಯ ಪೂರ್ವ ದಂಡೆಯ ನುವ್ವುವಾಗಿಟ್ಟುಕ್ ಬಂಡೆಗಳೂ ಪ್ರಾಚೀನ ಬುಗ್ಗೆಗಳ ಪರಿಸರದಲ್ಲೇ ರೂಪುಗೊಂಡವು. ಅಲ್ಲಿ ಕಬ್ಬಿಣದ ಆಕ್ಸೈಡಿನಿಂದಾದ ಸೂಕ್ಷ್ಮ ಕೊಳವೆ, ಎಳೆಗಳು ದೊರೆತಿವೆ ಎಂದು ಮ್ಯಾಥ್ಯೂ ಡಾಡ್, ಡೊಮಿನಿಕ್ ಪಾಪಿನೋ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಅವರು ಹೇಳಿದ ವಯಸ್ಸು ಕನಿಷ್ಠ 377 ಕೋಟಿ ವರ್ಷ, ಬಹುಶಃ 428 ಕೋಟಿ. ಭೂಮಿಗೇ ಸುಮಾರು 454 ಕೋಟಿ ವರ್ಷ. ಎರಡನೆಯ ಅಂಕಿ ನಿಜವಾದರೆ ಭೂಮಿ ಹುಟ್ಟಿ ಮೂವತ್ತು ಕೋಟಿ ವರ್ಷ ತುಂಬುವ ಮೊದಲೇ ಜೀವ ಮೊಳೆತಿತ್ತು ಎಂದಾಗುತ್ತದೆ.

ಅಷ್ಟು ದೊಡ್ಡ ಮಾತಿಗೆ ಆಕಾರವೊಂದೇ ಸಾಕ್ಷಿಯಾದೀತೇ? ಸೋಡಿಯಂ ಸಿಲಿಕೇಟ್ ದ್ರಾವಣಕ್ಕೆ ಲೋಹದ ಲವಣದ ಹರಳು ಹಾಕಿದರೆ ಗಿಡಬಳ್ಳಿಗಳಂಥ ಕೊಳವೆಗಳು ತಾವಾಗಿ ಚಿಗುರುತ್ತವೆ. ಜೀವದ ಸುಳಿವೂ ಬೇಕಿಲ್ಲ. ಕೆನಡಾದ ಎಳೆಗಳು ಇಂಥ 'ರಾಸಾಯನಿಕ ತೋಟ'ದ ಬೆಳೆಯೂ ಆಗಿರಬಹುದೆಂದು ಶಾನ್ ಮೆಕ್‌ಮಹಾನ್ 2019ರಲ್ಲಿ ವಾದಿಸಿದರು. ಪಾಪಿನೋ ತಂಡ ಸುಮ್ಮನಾಗಲಿಲ್ಲ. ಸುಮಾರು ಒಂದು ಸೆಂಟಿಮೀಟರ್ ಉದ್ದದ, ಒಂದೇ ಬದಿಗೆ ಕೊಂಬೆ ಚಾಚಿದ ರಚನೆಯೊಂದನ್ನು 2022ರಲ್ಲಿ ಮುಂದಿಟ್ಟು, ಇದು ಬರೀ ರಸಾಯನದ ಕೆಲಸವಾಗಿರಲಾರದು ಎಂದಿತು. ವಿವಾದ ಇನ್ನೂ ತೀರಿಲ್ಲ.